ರಸೀದಿ ಇಲ್ಲದ ಒಡೆಯರು

ದೌಲತಾಬಾದ್ ಕೋಟೆಯನ್ನು ಅರ್ಧ ಹತ್ತಿ, ನೆರಳು ಸಿಕ್ಕಲ್ಲಿ ಕೂತು ಇಬ್ಬರು ಆಡಿದ ಮಾತು ಇದು. ಒಬ್ಬರು ಕಲಬುರಗಿ ಜಿಲ್ಲೆಯ ಆಳಂದ ಸೀಮೆಯವರು. ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿ, ಹಿಂದೆ ಔರಂಗಾಬಾದ್ ಆಗಿದ್ದ ಛತ್ರಪತಿ ಸಂಭಾಜಿನಗರದಲ್ಲೇ ನೆಲೆ ನಿಂತವರು. ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿದ್ದವರಾದ್ದರಿಂದ ಕಾಯ್ದೆಯ ಪುಸ್ತಕ ಓದುವ ಚಟ ಇನ್ನೂ ಬಿಟ್ಟಿಲ್ಲ. ಇನ್ನೊಬ್ಬ ಅವರ ಅಕ್ಕನ ಮಗ. ಹುಟ್ಟಿ ಬೆಳೆದದ್ದು ಬೆಂಗಳೂರು. ಅಲ್ಲಿನ ಒಂದು ಸ್ಟ್ರೀಮಿಂಗ್ ಕಂಪನಿಯಲ್ಲಿ ಚಂದಾದಾರರು ಬಿಟ್ಟುಹೋಗದಂತೆ ನೋಡಿಕೊಳ್ಳುವ ವಿಭಾಗದಲ್ಲಿದ್ದಾನೆ. ಅಂಥದ್ದೂ ಒಂದು ವಿಭಾಗ ಇರುತ್ತದೆ ಎಂದು ಮಾವನಿಗೆ ಗೊತ್ತಾದದ್ದು ಆ ದಿನವೇ.

ಅಳಿಯ: ಮಾಮಾ, ನಿಮ್ಮ ಜೇಬಿನಲ್ಲಿ ಯಾರೋ ಮಾತಾಡ್ತಿದ್ದಾರೆ.

ಮಾಮಾ: ಧಾರವಾಡ ಆಕಾಶವಾಣಿ. ಬಂದ್ ಮಾಡ್ಲಿಕ್ಕಿ ಮರ್ತೀನಿ.

ಅಳಿಯ: ಇಲ್ಲಿ ಧಾರವಾಡ ಬರುತ್ತಾ?

ಮಾಮಾ: ಈಗ ಫೋನಿನ್ಯಾಗ ಎಲ್ಲಾ ಬರ್ತದ. ನ್ಯೂಸ್ ಆನ್ ಏರ್ ಅಂತ ಅವರದೇ ಆ್ಯಪ್ ಅದ. ಧಾರವಾಡ, ಕಲಬುರಗಿ, ಮಂಗಳೂರು, ಮಡಿಕೇರಿ ಎಲ್ಲಾ ಅದರಾಗ ಅವ. ನಾ ಇಲ್ಲಿಗಿ ಬಂದ ಹೊಸದಾಗಿ ಹಂಗಿರಲಿಲ್ಲ. ಒಂದು ಖೋಲ್ಯಾಗ ನಾಲ್ಕು ಮಂದಿ ಇರ್ತಿದ್ವಿ. ರಾತ್ರಿ ಊಟ ಆದ ಮ್ಯಾಲ ರೇಡಿಯೋ ತಗೊಂಡು ಮಾಳಗಿ ಏರ್ತಿದ್ದೆ. ಮೀಡಿಯಂ ವೇವ್ ಹಗಲಿಗಿ ಇಷ್ಟು ದೂರ ಮುಟ್ಟಂಗಿಲ್ಲ. ಹೊತ್ತು ಮುಳುಗಿದ ಮ್ಯಾಲ ಆಕಾಶದಾಗಿನ ಪದರಕ್ಕ ಬಡದು ತಿರುಗಿ ನೆಲಕ್ಕ ಬೀಳ್ತದ. ಧಾರವಾಡದ್ದು 765 ಕಿಲೋಹರ್ಟ್ಸ್, 200 ಕಿಲೋವಾಟ್. ಮುಳ್ಳು ಕೂದಲೆಳಿಯಷ್ಟು ಆಚೀಚಿ ಆದ್ರ ಬ್ಯಾರೆ ಯಾವುದೋ ಸ್ಟೇಶನ್ ಮ್ಯಾಲ ಬಂದು ಕೂಡ್ತಿತ್ತು. ಆವಾಗ ಮುಳ್ಳು ಮುಟ್ಟಬಾರದು, ರೇಡಿಯೋನೇ ತಿರುಗಸ್ಬೇಕು, ಒಳಗಿನ ಫೆರೈಟ್ ಕಡ್ಡಿ ಧಾರವಾಡದ ದಿಕ್ಕಿಗಿ ಅಡ್ಡ ಆಗೂ ಹಂಗ. ಹಂಗ ಮಾಡಿದ್ರ ಧ್ವನಿ ನಿಚ್ಚಳ ಆಗ್ತಿತ್ತು.

ಅಳಿಯ: ಅಷ್ಟು ಸರ್ಕಸ್ ಮಾಡಿ ಏನು ಕೇಳ್ತಿದ್ರಿ?

ಮಾಮಾ: ಬಂದದ್ದು ಕೇಳ್ತಿದ್ದೆ. ನಾಟಕ ಬಂದ್ರ ನಾಟಕ, ವಚನ ಬಂದ್ರ ವಚನ. ತೊಗರಿಗಿ ಬಿದ್ದ ಕೀಡಿಗಿ ಯಾವ ಎಣ್ಣಿ ಹೊಡೀಬೇಕು ಅನ್ನೂದನ್ನೂ ಕೇಳ್ತಿದ್ದೆ. ನಾ ಲೇಥ್ ಮಶೀನಿನ ಮುಂದ ನಿಲ್ಲೂ ಮನಶ್ಯಾ, ನನಗ್ಯಾಕ ಬೇಕು ತೊಗರಿ ಕೀಡಿ? ಆದ್ರ ಊರಾಗ ನಿಮ್ಮಜ್ಜನ ಹೊಲ್ದಾಗ ಆ ವಾರ ಏನು ನಡದದ ಅನ್ನೂದು ಗೊತ್ತಾಗ್ತಿತ್ತು.

ಅಳಿಯ: ನಮ್ಮ ಕಂಪನಿಯಲ್ಲಾದರೆ ಅದನ್ನು ದೊಡ್ಡ ದೋಷ ಅಂತಾರೆ. ನೀವು ಕೇಳದೇ ಇದ್ದದ್ದನ್ನು ನಿಮ್ಮ ಮುಂದೆ ಇಡಲೇಬಾರದು. ಏನು ನೋಡಿದಿರಿ, ಎಲ್ಲಿ ನಿಲ್ಲಿಸಿದಿರಿ, ಯಾವ ದೃಶ್ಯಕ್ಕೆ ಬೇಸರವಾಗಿ ಎದ್ದು ಹೋದಿರಿ, ಎಲ್ಲ ಲೆಕ್ಕ ಇಟ್ಟು ಅದಕ್ಕೆ ತಕ್ಕಂತೆ ಮುಂದಿನದನ್ನು ಕೊಡ್ತೀವಿ. ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ತಿಂಗಳಿಗೆ 149 ರೂಪಾಯಿ ಕೊಟ್ಟರೆ ಫೋನಿನಲ್ಲಿ ನೆಟ್‌ಫ್ಲಿಕ್ಸ್ ಸಿಗುವ ಕಾಲ ಇದು. ಜನರ ತೆರಿಗೆಯಲ್ಲಿ ಆಕಾಶವಾಣಿ, ದೂರದರ್ಶನ ಯಾಕೆ ನಡೆಸಬೇಕು? ಬೇಕಾದವರು ದುಡ್ಡು ಕೊಟ್ಟು ನೋಡಲಿ, ಕೇಳಲಿ.

ಮಾಮಾ: ರೊಕ್ಕ ಕೊಟ್ಟು ಕೇಳೂದು ನಿಮ್ಮ ಕಂಪನಿ ಹುಟ್ಟಿಸಿದ್ದಲ್ಲ ತಮ್ಮಾ. ನಿಮ್ಮಜ್ಜ ರೇಡಿಯೋಕ್ಕ ಚಂದಾ ಕಟ್ಟಿದವ.

ಅಳಿಯ: ರೇಡಿಯೋಗೆ ಚಂದಾನಾ?

ಮಾಮಾ: ಲೈಸೆನ್ಸ್ ಅಂತಿದ್ರು. ಅಂಗೈ ಅಗಲದ ಒಂದು ಪುಸ್ತಕ. ಅದರಾಗ ನಿಮ್ಮಜ್ಜನ ಹೆಸರು, ಊರು, ರೇಡಿಯೋದ ಕಂಪನಿ, ಅದರ ನಂಬರು. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗಿ ಹೋಗಿ ಹದಿನೈದು ರೂಪಾಯಿ ಕಟ್ಟಬೇಕು. ಕಾಗದಕ್ಕ ಹಚ್ಚೂ ಟಿಕೇಟು ಅಲ್ಲ, ರೇಡಿಯೋ ಲೈಸೆನ್ಸಿಗಿ ಅಂತೇ ಬ್ಯಾರೆ ಟಿಕೇಟು ಇರ್ತಿತ್ತು. ಪೋಸ್ಟ್ ಮಾಸ್ತರ ಅದನ್ನ ಹಚ್ಚಿ, ಮ್ಯಾಲ ಗುಂಡನ ಸಿಕ್ಕಾ ಹೊಡದು ಕೊಡ್ತಿದ್ದ. ತಡ ಆದ್ರ ದಂಡ. ಹದಿನೈದು ರೂಪಾಯಿ ಅಂದ್ರ ಆಗ ಸಣ್ಣ ರೊಕ್ಕ ಅಲ್ಲ. ಕಟ್ಟಿದ ಮ್ಯಾಲ ನಿಮ್ಮಜ್ಜ ಸುಮ್ಮ ಕೂಡ್ತಿರಲಿಲ್ಲ. ಕಲಬುರಗಿ ಕೇಂದ್ರಕ್ಕ ಪತ್ರ ಬರೀತಿದ್ದ, 'ನಾನು ಲೈಸೆನ್ಸುದಾರ' ಅಂತಲೇ ಶುರು ಮಾಡಿ. ನಾಟಕ ಅರ್ಧಕ್ಕ ಯಾಕ ನಿಂತ್ತು, ಪ್ಯಾಟಿ ಧಾರಣಿ ಓದೂವಾಗ ನಮ್ಮ ಕಡಿ ಪ್ಯಾಟಿ ಯಾಕ ಬಿಟ್ರಿ, ಹಿಂಗ. ಎಂಬತ್ತರ ದಶಕದ ನಡುವ ಸರ್ಕಾರ ಲೈಸೆನ್ಸೇ ರದ್ದು ಮಾಡ್ತು. ಊರಾಗ ಎಲ್ಲಾರೂ ಖುಷಿ ಪಟ್ರು. ನಿಮ್ಮಜ್ಜ ಮಾತ್ರ, ಇನ್ನ ಮ್ಯಾಲ ಅವರಿಗಿ ನಾ ಏನೂ ಕೇಳೂ ಹಂಗಿಲ್ಲ ಅಂದ. ಪತ್ರ ಬರಿಯೂದೂ ನಿಂತ್ತು.

ಅಳಿಯ: ಹಾಗಾದರೆ ನನ್ನ ಮಾತೇ ನಿಜವಾಯ್ತಲ್ಲ. ಅಜ್ಜನೂ ಗ್ರಾಹಕರೇ. ದುಡ್ಡು ಕೊಟ್ಟರು, ಜೋರು ಮಾಡಿದರು.

ಮಾಮಾ: ಅಲ್ಲ. ಒಂದು ಫರಕ್ ಅದ. ನಮ್ಮೂರ ಚಾವಡ್ಯಾಗ ಪಂಚಾಯ್ತಿ ರೇಡಿಯೋ ಇತ್ತು, ಮ್ಯಾಲ ಭೋಂಗಾ ಕಟ್ಟಿದ್ರು. ಸಂಜಿಗಿ ಕೂಲಿ ಮುಗಿಸಿ ಬಂದವರು ಕಟ್ಟಿ ಮ್ಯಾಲ ಕೂತು ಕೇಳ್ತಿದ್ರು. ನಿಮ್ಮಜ್ಜ ಹದಿನೈದು ರೂಪಾಯಿ ಕಟ್ಟಿ ಮನ್ಯಾಗ ಏನು ಕೇಳ್ತಿದ್ದ, ಒಂದು ಪೈಸಾ ಕಟ್ಟದೇ ಇದ್ದವನೂ ಅದೇ ಕೇಳ್ತಿದ್ದ. ಕಟ್ಟಿದವಗ ಒಂದು, ಕಟ್ಟದೇ ಇದ್ದವಗ ಒಂದು ಅಂತ ಇರಲಿಲ್ಲ. ನಿಮ್ಮಲ್ಲಿ ಹಂಗ ಅದ ಏನು?

ಅಳಿಯ: ನಮ್ಮಲ್ಲಿ ಪಾಸ್‌ವರ್ಡ್ ಹಂಚಿಕೊಂಡರೇ ಬಾಗಿಲು ಹಾಕ್ತೀವಿ.

ಮಾಮಾ: ಇನ್ನೊಂದು ಕೇಳು. ನೀ ಬೆಂಗಳೂರಿನವ. ಬೆಂಗಳೂರಿಗಿ ಟಿವಿ ಯಾವಾಗ ಬಂತು, ಗೊತ್ತದ ಏನು?

ಅಳಿಯ: ಎಂಬತ್ತೊಂದು ಇರಬೇಕು. ಅಮ್ಮ ಹೇಳ್ತಿರ್ತಾಳೆ.

ಮಾಮಾ: 1981ರ ನವೆಂಬರ್ ಒಂದು. ನಮ್ಮೂರ ಸಾಲಿಗಿ 1975ರಾಗ ಬಂದಿತ್ತು.

ಅಳಿಯ: ಆಳಂದದ ಹಳ್ಳಿಗೆ? ಬೆಂಗಳೂರಿಗಿಂತ ಆರು ವರ್ಷ ಮೊದಲು?

ಮಾಮಾ: ಸೈಟ್ ಅಂತ ಯೋಜನೆ. ಅಮೆರಿಕದವರು ಎಟಿಎಸ್-6 ಉಪಗ್ರಹ ಒಂದು ವರ್ಷಕ್ಕ ಕಡಾ ಕೊಟ್ಟಿದ್ರು. ಆರು ರಾಜ್ಯದಾಗ 2400 ಹಳ್ಳಿ ಆರಿಸಿದ್ರು. ಕರ್ನಾಟಕದಾಗ ಗುಲ್ಬರ್ಗಾ, ರಾಯಚೂರು, ಬಿಜಾಪುರ, ಮೂರೂ ಹಿಂದುಳಿದ ಜಿಲ್ಲಾ. ಇಸ್ರೋದವರು ಬಂದು ಸಾಲಿ ಅಂಗಳದಾಗ ಹತ್ತು ಫೂಟಿನ ಛತ್ರಿ ನಿಲ್ಲಿಸಿದ್ರು. ಅದು ಏನೂ ಭಾರೀ ಸಾಮಾನಲ್ಲ, ಕೋಳಿ ಗೂಡಿಗಿ ಬಡಿಯೂ ತಂತಿ ಜಾಳಿಗಿ. ನಾವು ಹುಡುಗರು ಅದರ ಹಿಂದ ಹೋಗಿ ನಿಂತು ನೋಡ್ತಿದ್ವಿ, ಚಿತ್ರ ಎಲ್ಲಿಂದ ಒಳಗ ಹೋಗ್ತದ ಅಂತ. ಮುಂಜಾನಿ ಸಾಲಿ ಹುಡುಗರಿಗಿ ಪಾಠ, ಸಂಜಿಗಿ ದೊಡ್ಡವರಿಗಿ ಒಕ್ಕಲುತನ, ಆರೋಗ್ಯ, ಹಾಡು, ವಾರ್ತಾ. ಚಿತ್ರ ಒಂದೇ ಇದ್ದು ಧ್ವನಿ ಮಾತ್ರ ಎರಡು ಕಳಸೂ ಅನುಕೂಲ ಆ ಉಪಗ್ರಹದಾಗ ಇತ್ತು, ಆಂಧ್ರದವರಿಗಿ ತೆಲುಗು, ನಮಗ ಕನ್ನಡ. ಟಿವಿ ಪೆಟ್ಟಿಗಿಯ ಚಾವಿ ಮಾಸ್ತರ ಹಂತ್ಯಾಕ. ಹೆಣ್ಮಕ್ಕಳು ಒಂದು ಕಡಿ, ಗಂಡಸರು ಒಂದು ಕಡಿ. ಹೊಲಗೇರಿಯವರೂ ಸಾಲಿ ಅಂಗಳಕ್ಕ ಬಂದು ಕೂತದ್ದು ನಾ ಮೊದಲು ನೋಡಿದ್ದು ಆವಾಗೇ. ದೂರ ಕೂತ್ರು, ಖರೇ, ಆದ್ರ ಕೂತ್ರು. ಈಗ ನೀ ಹೇಳು, ನಿಮ್ಮ ಕಂಪನಿ ಆಳಂದದ ಹಳ್ಳಿಲಿಂದ ಧಂದಾ ಶುರು ಮಾಡ್ತಿತ್ತೇನು?

ಅಳಿಯ: ಇಲ್ಲ. ಮೊದಲು ಮುಂಬಯಿ, ದೆಹಲಿ, ಬೆಂಗಳೂರು. ಆಳಂದದ ಹೆಸರು ನಮ್ಮ ಮೀಟಿಂಗಿನಲ್ಲಿ ಬಂದದ್ದೇ ಇಲ್ಲ. ಆಮೇಲೆ ಏನಾಯ್ತು?

ಮಾಮಾ: ಆಗೂದೇನು? 1976ರ ಜುಲೈ 31ಕ್ಕ ಮುಗೀತು. ಅಮೆರಿಕದವರು ತಮ್ಮ ಉಪಗ್ರಹ ತಾವು ಸರಿಸ್ಕೊಂಡ್ರು. ಮರುದಿನ ಸಂಜಿಗಿ ಮಂದಿ ಬಂದು ಕೂತ್ರ ಬರೇ ಮಳಿ ಹೊಡದಂಗ ಚುಕ್ಕಿ. 1977ರಾಗ ಗುಲ್ಬರ್ಗಾಕ್ಕ ಒಂದು ಟ್ರಾನ್ಸ್‌ಮಿಟರ್ ಹಾಕಿದ್ರು, ಅದು ಸುತ್ತಿನ ಹಳ್ಳಿಗಷ್ಟೇ. ನಮ್ಮೂರಿಗಿ ಮುಟ್ಟಲಿಲ್ಲ.

ಅಳಿಯ: ಇದೇ ನೋಡಿ ನನ್ನ ತಕರಾರು. ಕೇಳದೇ ಕೊಟ್ಟರು, ಕೇಳದೇ ಕಿತ್ಕೊಂಡರು. ನಮ್ಮಲ್ಲಿ ಹಾಗಾದರೆ ಚಂದಾದಾರ ಒಂದು ಗುಂಡಿ ಒತ್ತಿ ಬಿಟ್ಟು ಹೋಗ್ತಾನೆ. ಆ ಭಯ ನಮಗಿದೆ. ನನ್ನ ಸಂಬಳವೇ ಆ ಭಯದಿಂದ ಬರೋದು.

ಮಾಮಾ: ಬಿಟ್ಟು ಹೋಗ್ತಾನ, ಖರೇ. ಬಿಟ್ಟು ಹೋಗೂದು ಒಂದೇ ಅವಗ ಇರೂ ಹಕ್ಕು. ಒಳಗ ಇದ್ದು ಜಗಳಾಡೂ ಹಕ್ಕು ಅದ ಏನು? ರೊಕ್ಕ ಕೊಟ್ಟವರಿಗೂ ನಡುವ ಜಾಹೀರಾತು ತೋರಸ್ಲತ್ತಾರಂತಲ್ಲ?

ಅಳಿಯ: ಹೌದು, ಅಮೆಜಾನ್ ಪ್ರೈಮ್‌ನವರು 2025ರ ಜೂನ್‌ನಿಂದ ಇಲ್ಲೂ ಶುರು ಮಾಡಿದರು. ಜಾಹೀರಾತು ಬೇಡ ಅಂದರೆ ಇನ್ನಷ್ಟು ಕೊಡಬೇಕು. ಸರಿ, ಅದು ಒಪ್ಪಿದೆ. ಆದರೆ ನಿಮ್ಮ ವಾದದಲ್ಲಿ ದೊಡ್ಡ ತೂತು ಒಂದಿದೆ. ಈ ಕೋಟೆಯನ್ನೇ ನೋಡಿ. 1327ರಲ್ಲಿ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ಇಲ್ಲಿಗೆ ತಂದ. ಅವನ ರಾಜ್ಯದಲ್ಲಿ ಓಟಗಾರರ ಅಂಚೆ ಕುದುರೆ ಅಂಚೆಗಿಂತ ಬೇಗ ಹೋಗುತ್ತಿತ್ತು ಅಂತ ಪ್ರವಾಸಿ ಇಬ್ನ್ ಬತೂತಾ ಬರೆದಿದ್ದಾನೆ. ಅಷ್ಟು ಚೆನ್ನಾದ ವ್ಯವಸ್ಥೆ ಯಾರಿಗಾಗಿ? ಸುಲ್ತಾನನಿಗಾಗಿ. ಆಕಾಶವಾಣಿಯೂ ಅದೇ ಜಾತಿ ಅಲ್ವಾ? ತುರ್ತು ಪರಿಸ್ಥಿತಿಯಲ್ಲಿ ಕಿಶೋರ್ ಕುಮಾರ್ ಸರ್ಕಾರದ ಕಾರ್ಯಕ್ರಮಕ್ಕೆ ಹಾಡಲು ಒಪ್ಪಲಿಲ್ಲ ಅಂತ ಅವರ ಹಾಡೇ ಬಂದ್ ಮಾಡಿದರು. ಇವತ್ತಿಗೂ ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆ ಹಾಕಬಹುದು, ಅಷ್ಟೇ. ಇದು ಸಾರ್ವಜನಿಕ ಪ್ರಸಾರವೋ, ಸರ್ಕಾರಿ ಡಂಗುರವೋ?

ಮಾಮಾ: ಎಫ್‌ಎಂನವರ ಬಾಯಿ ಕಟ್ಟಿದ್ದು ತಪ್ಪು. ಅದರಾಗ ವಾದ ಇಲ್ಲ. ಡಂಗುರದ ಮಾತಿಗಿ ಬಂದ್ರ, ನಿನಗಿಂತ ದೊಡ್ಡ ದಾಖಲಾ ನನ್ನ ಹಂತ್ಯಾಕ ಅದ. ಈ ಔರಂಗಾಬಾದ್, ನಮ್ಮ ಗುಲ್ಬರ್ಗಾ, ಬೀದರ್, ರಾಯಚೂರು ಎಲ್ಲಾ ನಿಜಾಮನ ಕೈಯಾಗ ಇದ್ವು. ಹೈದರಾಬಾದಿನ್ಯಾಗ ಒಂದು ಸಣ್ಣ ರೇಡಿಯೋ ಇತ್ತು, 200 ವಾಟಿನದು. 1935ರ ಫೆಬ್ರುವರಿಯಾಗ ನಿಜಾಮನ ಸರ್ಕಾರ ಅದನ್ನ ಕೈಗಿ ತಗೊಂಡ್ತು. ಡೆಕ್ಕನ್ ರೇಡಿಯೋ ಅಂತಿದ್ರು. ಉರ್ದು, ತೆಲುಗು, ಮರಾಠಿ, ಕನ್ನಡ ನಾಲ್ಕೂ ಇದ್ವು. ಔರಂಗಾಬಾದಿನ್ಯಾಗೂ ಆ ಸಂಸ್ಥಾನದ್ದೇ ಒಂದು ಸ್ಟೇಶನ್ ಇತ್ತು. ಭಾರತದ ಸೈನ್ಯದ ಪೊಲೀಸ್ ಆಕ್ಷನ್ ಆಗೂ ತನಕ ಡೆಕ್ಕನ್ ರೇಡಿಯೋ ನಿಜಾಮನ ಪರ ಊದಿದ್ದೇ ಊದಿದ್ದು. ಕಡೀಕ 1948ರ ಸೆಪ್ಟೆಂಬರ್ 17ಕ್ಕ ಶರಣಾಗೀನಿ ಅಂತ ನಿಜಾಮ ಹೇಳಿದ್ದೂ ಅದೇ ರೇಡಿಯೋದಾಗ. ಆ ದಿನಾನೇ ಇಲ್ಲಿ ಮರಾಠವಾಡಾ ಮುಕ್ತಿ ದಿನ, ಅಲ್ಲಿ ಕಲ್ಯಾಣ ಕರ್ನಾಟಕ ಉತ್ಸವ.

ಅಳಿಯ: ನೀವೇ ನನ್ನ ವಕೀಲರಾದಿರಿ.

ಮಾಮಾ: ಇನ್ನೂ ಮುಗಿದಿಲ್ಲ. ಅದೇ 1935ರ ಸೆಪ್ಟೆಂಬರಿನ್ಯಾಗ ಮೈಸೂರಿನ್ಯಾಗ ಏನಾಯ್ತು? ಮಹಾರಾಜಾ ಕಾಲೇಜಿನ್ಯಾಗ ಮನಶ್ಶಾಸ್ತ್ರ ಕಲಿಸೂ ಎಂ.ವಿ. ಗೋಪಾಲಸ್ವಾಮಿ ತಮ್ಮ ರೊಕ್ಕ ಹಾಕಿ, ತಮ್ಮ ಮನ್ಯಾಗೇ 30 ವಾಟಿನ ಯಂತ್ರ ಇಟ್ಟು ಪ್ರಸಾರ ಶುರು ಮಾಡಿದ್ರು. ಆಕಾಶವಾಣಿ ಅನ್ನೂ ಹೆಸರೂ ದೇಶಕ್ಕ ಅಲ್ಲಿಂದೇ ಬಂದದ್ದು. ಮುಂದ ಮೈಸೂರು ಸರ್ಕಾರ ಅದನ್ನ ವಹಿಸ್ಕೊಂಡ್ತು. 1950ರ ಹೊತ್ತಿಗಿ ಸಂಸ್ಥಾನಗಳ ಐದೂ ಸ್ಟೇಶನ್, ಮೈಸೂರು, ತಿರುವನಂತಪುರ, ಬಡೋದೆ, ಹೈದರಾಬಾದ್, ಔರಂಗಾಬಾದ್, ಒಂದೇ ಆಲ್ ಇಂಡಿಯಾ ರೇಡಿಯೋದಾಗ ಕೂಡ್ಕೊಂಡ್ವು. ಅಂದ್ರ ಇದರ ರಕ್ತದಾಗ ನಿಜಾಮನೂ ಇದ್ದಾನ, ಗೋಪಾಲಸ್ವಾಮಿನೂ ಇದ್ದಾರ. ಯಾರ ಕಡಿ ಹೊಳ್ತದ ಅನ್ನೂದು ಅದರ ಮಾಲಕ ಯಾರು ಅನ್ನೂದರ ಮ್ಯಾಲ.

ಅಳಿಯ: ಮಾಲೀಕ ಸರ್ಕಾರವೇ ತಾನೆ?

ಮಾಮಾ: 1995ರಾಗ ಸುಪ್ರೀಂ ಕೋರ್ಟ್ ಹಂಗ ಹೇಳಲಿಲ್ಲ. ಬಂಗಾಲದ ಕ್ರಿಕೆಟ್ ಸಂಸ್ಥೆ ಮ್ಯಾಚ್ ತೋರಸೂ ಹಕ್ಕಿನ ಬಗ್ಗಿ ಜಗಳ ತೆಗದಿತ್ತು. ಗಾಳಿಯ ತರಂಗ ಜನರ ಆಸ್ತಿ, ಸರ್ಕಾರ ತಂದೊಬ್ಬಂದೇ ಅನ್ನೂ ಹಂಗಿಲ್ಲ ಅಂತ ತೀರ್ಪಾಯ್ತು. ಜನರ ಆಸ್ತಿ ಅಂದ್ರ ಬರೇ ಕಂಪನಿಯವರಿಗಿ ಹರಾಜು ಹಾಕೂದು ಅಂತಲ್ಲ.

ಅಳಿಯ: ಕೋರ್ಟು ಏನೇ ಹೇಳಲಿ, ಜನ ಮಾಲೀಕರಾಗಿ ನಡೆದುಕೊಂಡ ಉದಾಹರಣೆ ಎಲ್ಲಿದೆ? ಅಜ್ಜನ ಪತ್ರ ಬಿಟ್ಟರೆ?

ಮಾಮಾ: ಇಲ್ಲೇ ಅದ, ಪಕ್ಕದ ನಾಸಿಕ್‌ದಾಗ. ನನ್ನ ಶಿಫ್ಟಿನ್ಯಾಗ ಒಬ್ಬ ನಾಸಿಕ್ ಜಿಲ್ಲಾದವ ಇದ್ದ. ಅವರಪ್ಪ ರೇಡಿಯೋ ಮಂಡಳದಾಗ ಕೂತವರು, ಬಾಯಿ ತುಂಬ ಹೇಳ್ತಿದ್ರು. ಆಮ್ಯಾಲ ನಾ ಅದರ ಬಗ್ಗಿ ಓದಿದೆ. 1956ರಾಗ ಪುಣೆ ಆಕಾಶವಾಣಿ, ಯುನೆಸ್ಕೋ ಕೂಡಿ ಒಂದು ಪ್ರಯೋಗ ಮಾಡಿದ್ರು. ಪುಣೆ, ಅಹಮದ್‌ನಗರ, ನಾಸಿಕ್, ಉತ್ತರ ಸಾತಾರಾ, ಕೊಲ್ಹಾಪುರ, ಐದು ಜಿಲ್ಲಾದಾಗ 150 ಹಳ್ಳಿ. ಪ್ರತಿ ಹಳ್ಳ್ಯಾಗ ಹದಿನೈದಿಪ್ಪತ್ತು ಮಂದಿಯ ಒಂದು ಕೂಟ. ವಾರಕ್ಕ ಎರಡು ದಿನ ಅರ್ಧ ತಾಸು ಕಾರ್ಯಕ್ರಮ. ಕೇಳಿ ಎದ್ದು ಹೋಗೂ ಹಂಗಿಲ್ಲ. ಕೂತು ಚರ್ಚಾ ಮಾಡಬೇಕು. ಏನು ತಿಳೀಲಿಲ್ಲ, ಯಾವುದು ನಮ್ಮ ನೆಲಕ್ಕ ಆಗಂಗಿಲ್ಲ ಅನ್ನೂದನ್ನ ಕಾರ್ಯದರ್ಶಿ ಬರದು ಪುಣೆಗಿ ಕಳಸಬೇಕು. ಪುಣೆಯವರು ಮುಂದಿನ ಕಾರ್ಯಕ್ರಮದಾಗ ಅದಕ್ಕ ಉತ್ತರ ಕೊಡಬೇಕು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಅದರ ಪರೀಕ್ಷಾ ಮಾಡಿದ್ರು. ಕೂಟ ಇದ್ದ ಹಳ್ಳಿಯವರ ತಿಳುವಳಿಕಿ ಬರೇ ರೇಡಿಯೋ ಇದ್ದ ಹಳ್ಳಿಗಿಂತ ಭಾಳ ಮುಂದ ಹೋಗಿತ್ತು. ನೋಡು, ಡಬ್ಬಿ ಎರಡೂ ಕಡಿ ಇತ್ತು. ತಿರುಗಿ ಮಾತಾಡೂ ದಾರಿ ಒಂದೇ ಕಡಿ ಇತ್ತು.

ಅಳಿಯ: ಇದು ನನಗೆ ಗೊತ್ತಿರಲಿಲ್ಲ. ನಾವು ಕೋಟಿಗಟ್ಟಲೆ ಸುರಿದು ನೋಡುಗರ ಅಂಕಿಅಂಶ ಕಲೆಹಾಕ್ತೀವಿ. ಅವರು ಎಲ್ಲಿ ಪಾಜ್ ಒತ್ತಿದರು ಅಂತ ಗೊತ್ತು, ಯಾಕೆ ಒತ್ತಿದರು ಅಂತ ಗೊತ್ತಿಲ್ಲ.

ಮಾಮಾ: ಕೇಳಿದ್ರ ಹೇಳ್ತಿದ್ರು.

ಅಳಿಯ: ಅದೆಲ್ಲ 1956ರ ಮಾತು. ಈಗಿನದನ್ನು ಹೇಳಿ. ಈಗ ಯಾರಿಗೆ ಬೇಕಾಗಿದೆ ದೂರದರ್ಶನ?

ಮಾಮಾ: ಕೆಳಗ ನೋಡು. ಕಮಾನಿನ ಆಚಿ, ಹಳ್ಳ್ಯಾಗ. ಪತ್ರಾಸಿನ ಮನಿ ಮ್ಯಾಲ ಛತ್ರಿ ಕಾಣ್ತಾವಿಲ್ಲ? ಕೆಲವದರ ಮ್ಯಾಲ ಕಂಪನಿ ಹೆಸರು ಬರದದ. ಕೆಲವು ಖಾಲಿ ಅವ, ಏನೂ ಬರದಿಲ್ಲ. ಹೆಸರಿಲ್ಲದ್ದು ಬಹುತೇಕ ಫ್ರೀ ಡಿಶ್. 2004ರ ಡಿಸೆಂಬರಿನ್ಯಾಗ ದೂರದರ್ಶನದವರು ಶುರು ಮಾಡಿದ್ದು. ಛತ್ರಿ, ಪೆಟ್ಟಿಗಿಗಿ ಒಮ್ಮೆ ರೊಕ್ಕ ಕೊಟ್ರ ಮುಗೀತು, ತಿಂಗಳಾ ಏನೂ ಕೊಡೂದಿಲ್ಲ. ದೇಶದಾಗ ನಾಲ್ಕು ಕೋಟಿಗಿಂತ ಹೆಚ್ಚು ಮನಿ ಅಂತ ಅಂದಾಜು. ನಮ್ಮ ಕನ್ನಡದ ಚಂದನ ಚಾನೆಲ್ಲೂ ಅದರಾಗ ಬರ್ತದ. ನಿಮ್ಮ ಅತ್ತಿ 'ಥಟ್ ಅಂತ ಹೇಳಿ' ನೋಡೂದು ಅದರಾಗೇ.

ಅಳಿಯ: ಆ ಕ್ವಿಜ್ ಇನ್ನೂ ಬರುತ್ತಾ? ನಾನು ಸ್ಕೂಲಿನಲ್ಲಿದ್ದಾಗ ನೋಡ್ತಿದ್ದೆ.

ಮಾಮಾ: 2002ರಲಿಂದ ನಡದದ. ಡಾ. ನಾ. ಸೋಮೇಶ್ವರ ಅವರು ಸಾವಿರಾರು ಕಂತು ಮಾಡ್ಯಾರ. ಸರಿ ಉತ್ತರಕ್ಕ ಲಕ್ಷ ರೂಪಾಯಿ ಇಲ್ಲ, ಕಾರು ಇಲ್ಲ. ಕನ್ನಡ ಪುಸ್ತಕ ಕೊಡ್ತಾರ. ಬಹುಮಾನ ಅಂತ ಪುಸ್ತಕ ಕೊಟ್ಟು ಇಷ್ಟು ವರ್ಷ ಯಾವ ಕಂಪನಿ ನಡಸ್ತದ?

ಅಳಿಯ: ನಾನು ಅದರ ಪ್ರಸ್ತಾಪ ಬರೆದು ಕೊಟ್ಟರೆ ನನ್ನನ್ನೇ ಬೇರೆ ವಿಭಾಗಕ್ಕೆ ಹಾಕ್ತಾರೆ. ಕನ್ನಡದ ಮಾತು ಬಂತಲ್ಲ, ನಾನೇ ಒಂದು ಹೇಳ್ತೀನಿ. ರಕ್ಷಿತ್ ಶೆಟ್ಟಿಯವರ ಸಂಸ್ಥೆ 'ಏಕಂ' ಅಂತ ವೆಬ್ ಸರಣಿ ಮಾಡಿತ್ತು, ಕರಾವಳಿಯ ಏಳು ಕಥೆ. ಯಾವ ಓಟಿಟಿಯೂ ತೆಗೆದುಕೊಳ್ಳಲಿಲ್ಲ. 2024ರ ಜುಲೈನಲ್ಲಿ ಅವರು ತಮ್ಮದೇ ಜಾಲತಾಣ ಮಾಡಿ ಬಿಡುಗಡೆ ಮಾಡಬೇಕಾಯ್ತು. ನಮ್ಮಲ್ಲಿ ಕನ್ನಡಕ್ಕೆ ದುಡ್ಡು ಹಾಕಬೇಕಾ ಅಂತ ಪ್ರಶ್ನೆ ಬಂದಾಗಲೆಲ್ಲ ಕನ್ನಡಿಗರು ಹಿಂದಿ, ಇಂಗ್ಲಿಷೂ ನೋಡ್ತಾರಲ್ಲ ಅಂತ ಉತ್ತರ ಬರುತ್ತೆ. ಬೇರೆ ಭಾಷೆ ಬಲ್ಲದ್ದೇ ನಮಗೆ ಶಾಪವಾಯ್ತು.

ಮಾಮಾ: ಕನ್ನಡದ ಗತಿನೇ ಇದು ಅಂದ್ಮ್ಯಾಲ ಸಣ್ಣ ಭಾಷಾದ್ದು ಏನು ಕೇಳ್ತಿ? ಇಲ್ಲಿನ ಆಕಾಶವಾಣಿಲಿಂದ ಮರಾಠಿ ವಾರ್ತಾ ಬರ್ತದ, ಅದರ ಜೋಡಿ ಉರ್ದು ಪ್ರದೇಶ ವಾರ್ತಾನೂ ಬರ್ತದ. ಮಂಗಳೂರಿಲಿಂದ ತುಳು, ಕೊಂಕಣಿ. ಮಡಿಕೇರಿಲಿಂದ ಕೊಡವ. ಕಾಸರಗೋಡಿನ ಕನ್ನಡದವರು ಗಡಿ ಆಚಿ ಇದ್ದೂ ಮಂಗಳೂರು ಕೇಳ್ತಾರ. ಇದಕ್ಕ ಯಾರು ಚಂದಾ ಕಟ್ಟಬೇಕು? ಕೊಡವ ಮಾತಾಡೂ ಮಂದಿ ಲಕ್ಷದ ಲೆಕ್ಕದಾಗ ಅದಾರ. ನಿಮ್ಮ ಲೆಕ್ಕಕ್ಕ ಅದು ಸೊನ್ನಿ.

ಅಳಿಯ: ಸ್ವಿಟ್ಜರ್‌ಲೆಂಡಿನಲ್ಲಿ ಈ ಪ್ರಶ್ನೆಯನ್ನು ಜನಕ್ಕೇ ಕೇಳಿದ್ದರು. 2018ರ ಮಾರ್ಚ್‌ನಲ್ಲಿ ಮತದಾನ. ಪ್ರಸಾರಕ್ಕೆ ಪ್ರತಿ ಮನೆ ಕಟ್ಟುವ ಶುಲ್ಕ ರದ್ದು ಮಾಡೋಣವೇ ಅಂತ. ನೂರಕ್ಕೆ 71 ಜನ ಬೇಡ, ಕಟ್ತೀವಿ ಅಂದರು. ಅಲ್ಲಿ ರೊಮಾನ್ಶ್ ಅಂತ ಒಂದು ಭಾಷೆ ಇದೆ, ಆಡುವವರು ಸುಮಾರು 60,000. ಅದಕ್ಕೂ ರೇಡಿಯೋ, ಟಿವಿ ಇದೆ. ಆದರೆ ಅಮೆರಿಕದಲ್ಲಿ ಉಲ್ಟಾ ಆಯ್ತು. 2025ರಲ್ಲಿ ಸಾರ್ವಜನಿಕ ಪ್ರಸಾರಕ್ಕೆ ಕೊಟ್ಟಿದ್ದ 110 ಕೋಟಿ ಡಾಲರನ್ನು ಸಂಸತ್ತು ವಾಪಸ್ ತೆಗೆದುಕೊಂಡಿತು.

ಮಾಮಾ: ಹೊಡ್ತ ಯಾರಿಗಿ ಬಿತ್ತು?

ಅಳಿಯ: ದೊಡ್ಡ ಊರಿನ ಕೇಂದ್ರಗಳಿಗೆ ದೇಣಿಗೆ ಬರುತ್ತೆ, ಹೇಗೋ ನಡೀತವೆ. ಅಲಾಸ್ಕಾದ ಹಳ್ಳಿಗಳ, ಬುಡಕಟ್ಟಿನವರ ಸಣ್ಣ ರೇಡಿಯೋಗಳು ಆ ದುಡ್ಡನ್ನೇ ನೆಚ್ಚಿಕೊಂಡಿದ್ದವು.

ಮಾಮಾ: ಮತ್ತ? ಆಳಂದ, ಅಲಾಸ್ಕಾ ಒಂದೇ ಆಯ್ತು.

ಅಳಿಯ: ಒಂದು ನಿಮಿಷ ಮಾಮಾ. ಅಷ್ಟು ಸುಲಭವಾಗಿ ಗೆಲ್ಲೋಕೆ ಬಿಡಲ್ಲ. ಫ್ರೀ ಡಿಶ್‌ನಲ್ಲಿ ಜನ ನೋಡೋದು ಏನು? ದೂರದರ್ಶನದ ಕಾರ್ಯಕ್ರಮವನ್ನಾ? ಹರಾಜಿನಲ್ಲಿ ಜಾಗ ಹಿಡಿದ ಖಾಸಗಿ ಚಾನೆಲ್‌ಗಳ ಹಳೇ ಧಾರಾವಾಹಿ ಮತ್ತು ಡಬ್ ಆದ ಸಿನಿಮಾ. ಆ ಕಂಪನಿಗಳಿಗೆ ಸಾಕು ಅನಿಸಿದ ದಿನ ಎದ್ದು ಹೋಗ್ತಾರೆ. ಇನ್ನು ಆಕಾಶವಾಣಿ ಕೇಂದ್ರಗಳು. ಕವಿ ಬೇಂದ್ರೆ ಸಲಹೆಗಾರರಾಗಿದ್ದ, ಮಲ್ಲಿಕಾರ್ಜುನ ಮನ್ಸೂರರು ಸಂಗೀತ ನೋಡಿಕೊಳ್ತಿದ್ದ, ಕಾದಂಬರಿಕಾರ ಎನ್ಕೆ ಕೆಲಸ ಮಾಡಿದ ಧಾರವಾಡ ಕೇಂದ್ರ ಬೇರೆ. ಈಗ ಕಾಯಂ ಜನರಿಲ್ಲ. ದಿನಗೂಲಿ ಲೆಕ್ಕದಲ್ಲಿ ಕರೆದ ಉದ್ಘೋಷಕರು ಕೇಂದ್ರ ನಡೆಸ್ತಿದ್ದಾರೆ. ಹಳೇ ಟೇಪು ಹಾಕಿ ಹೊತ್ತು ಕಳೀತಾರೆ. ಇದಕ್ಕೂ ನಿಮ್ಮಲ್ಲಿ ಉತ್ತರ ಇದೆಯಾ?

ಮಾಮಾ: ಇಲ್ಲ. ನೀ ಹೇಳಿದ್ದು ಪೂರಾ ಖರೇ. 2019ರ ಮಾರ್ಚ್‌ದಾಗ ಸ್ಟಾರ್, ಜೀ, ಸೋನಿ, ವಯಾಕಾಮ್ ನಾಲ್ಕೂ ಮಂದಿ ಫ್ರೀ ಡಿಶ್‌ದಾಗಿನ ತಮ್ಮ ಚಾನೆಲ್ ಎಳಕೊಂಡು ಹೋದ್ರು. ಒಂದು ಮುಂಜಾನಿ ನಮ್ಮ ಓಣ್ಯಾಗ ಹೆಣ್ಮಕ್ಕಳು ಟಿವಿ ಕೆಟ್ಟದ ಅಂತ ನನ್ನ ಕರೀಲಿಕ್ಕಿ ಬಂದ್ರು. ಟಿವಿ ಕೆಟ್ಟಿರಲಿಲ್ಲ. ಮುಂದಿನ ವರ್ಷ ಆ ಚಾನೆಲ್ ತಿರುಗಿ ಬಂದ್ವು. ಹೋಗೂವಾಗಲೂ ಯಾರನ್ನೂ ಕೇಳಲಿಲ್ಲ, ಬರೂವಾಗಲೂ ಕೇಳಲಿಲ್ಲ. ಆದ್ರ ಅದಕ್ಕೇ ಆಕಾಶವಾಣಿ, ದೂರದರ್ಶನ ಮುಚ್ಚಬೇಕು ಅನ್ನೂದು ನಿನ್ನ ತೀರ್ಮಾನ. ಸರ್ಕಾರಿ ದವಾಖಾನ್ಯಾಗ ಡಾಕ್ಟರ್ ಇಲ್ಲಂತ ದವಾಖಾನಿ ಕೆಡವಿದಂಗ ಆಯ್ತು ಅದು.

ಅಳಿಯ: ಡಾಕ್ಟರನ್ನು ಹಾಕಿ ಅಂತ ಯಾರಿಗೆ ಹೇಳೋದು? ಅದೇ ನನ್ನ ಪ್ರಶ್ನೆ. ಅಜ್ಜನ ಕಾಲದಲ್ಲಿ ಲೈಸೆನ್ಸ್ ಇತ್ತು, ನಾಸಿಕ್‌ನವರಿಗೆ ಕೂಟ ಇತ್ತು. ನಮಗೆ?

ಮಾಮಾ: ಈ ಪ್ರಶ್ನಿ ನೀ ಕೆಳಗಿದ್ದಾಗೇ ಕೇಳಬೇಕಿತ್ತು. ಮ್ಯಾಲ ಏರೂವಾಗ ನನಗ ದಮ್ಮು ಹತ್ತಿಸಿದಿ. ಪ್ರಸಾರ ಭಾರತಿ ಕಾಯ್ದಾ ಅಂತ ಒಂದು ಅದ. ಪಾಸ್ ಆಗಿದ್ದು 1990ರಾಗ, ಜಾರಿಗಿ ಬಂದದ್ದು 1997ರಾಗ. ಏಳು ವರ್ಷ ಕಪಾಟಿನ್ಯಾಗ ಇತ್ತು. ಆಕಾಶವಾಣಿ, ದೂರದರ್ಶನ ಎರಡೂ ಸರ್ಕಾರದ ಇಲಾಖಿ ಬಿಟ್ಟು ಸ್ವಾಯತ್ತ ನಿಗಮ ಆದದ್ದು ಅದರಲಿಂದ. ಅದರ 12ನೇ ಕಲಮಿನ್ಯಾಗ ನಿಗಮ ಏನೇನು ಮಾಡಬೇಕು ಅಂತ ಬರದದ: ಸುದ್ದಿ ಪಕ್ಷಪಾತ ಇಲ್ಲದೇ ಕೊಡಬೇಕು, ರೈತರು, ಹೆಣ್ಮಕ್ಕಳು, ಬುಡಕಟ್ಟಿನವರು, ಗಡಿಯಾಗ ಇರೂವವರು, ಎಲ್ಲಾ ಸೀಮೆಯ ಭಾಷಾ. ಓದಿದ್ರ ಕಣ್ಣು ತುಂಬ್ತದ. 13ನೇ ಕಲಮು: ನಿಗಮದ ಮ್ಯಾಲ ಕಣ್ಣಿಡಲಿಕ್ಕಿ ಸಂಸದರ ಸಮಿತಿ. 14, 15: ಪ್ರಸಾರ ಮಂಡಳಿ. ಕೇಳುಗ, ನೋಡುಗ ಯಾರೇ ಆಗಲಿ, ಆಕಾಶವಾಣಿ, ದೂರದರ್ಶನ ತಪ್ಪು ಮಾಡ್ಯಾವ ಅಂತ ಅಲ್ಲಿ ದೂರು ಕೊಡಬಹುದು. ರೊಕ್ಕ ಕಟ್ಟಿದ ರಸೀದಿ ತೋರಸೂದು ಬ್ಯಾಡ. ಈ ದೇಶದಾಗ ಇದ್ದರ ಸಾಕು.

ಅಳಿಯ: ಇದು ಇದೆ ಅಂತಲೇ ಯಾರೂ ಹೇಳಲ್ವಲ್ಲ. ಎಲ್ಲಿದೆ ಅದರ ಆಫೀಸು?

ಮಾಮಾ: ಆಫೀಸು ಇಲ್ಲ. ಸಮಿತಿನೂ ಮಾಡಿಲ್ಲ, ಮಂಡಳಿನೂ ಮಾಡಿಲ್ಲ. 2014ರಾಗ ಸ್ಯಾಮ್ ಪಿತ್ರೋಡಾ ಅವರ ಸಮಿತಿ ಪ್ರಸಾರ ಭಾರತಿ ಸುಧಾರಣಿ ಬಗ್ಗಿ ದೊಡ್ಡ ವರದಿ ಕೊಟ್ತು, ಇದರ ಮಾತೂ ಎತ್ತಿತ್ತು. ಆ ವರದಿನೂ ಕಪಾಟಿನ್ಯಾಗ ಅದ. ಎಲ್ಲಾ ಪಾರ್ಟಿಯವರೂ ಆಳ್ಯಾರ, ಯಾರಿಗೂ ಅದು ಬೇಕಾಗಿಲ್ಲ. ವಿರೋಧ ಪಕ್ಷದಾಗ ಇದ್ದಾಗ ಆಕಾಶವಾಣಿ ಸರ್ಕಾರದ್ದು ಅಂತ ಬೈತಾರ, ಗದ್ದಿಗಿ ಏರಿದ ಮ್ಯಾಲ ತಮ್ಮದೇ ಅಂತ ಇಟ್ಕೋತಾರ.

ಅಳಿಯ: ನಾನು ಏನು ಮಾಡಲಿ? ಇರೋದು ಎದುರು ಪಾಳಯದಲ್ಲಿ.

ಮಾಮಾ: ನಿನ್ನ ನೌಕರಿ ಬಿಡು ಅಂತ ನಾ ಅನ್ನೂದಿಲ್ಲ. ನಿಮ್ಮ ಕಂಪನಿನೂ ನಡೀಲಿ, ನಾನೂ ಮಮ್ಮಕ್ಕಳ ಫೋನಿನ್ಯಾಗ ಸಿನಿಮಾ ನೋಡ್ತೀನಿ. ಬೆಂಗಳೂರಿಗಿ ಹೋದ ಮ್ಯಾಲ ನಿಮ್ಮ ಎಂಪಿಗಿ ಒಂದು ಪತ್ರ ಬರಿ, ಕನ್ನಡದಾಗೇ ಬರಿ. 1990ರ ಕಾಯ್ದಾದ 13, 14ನೇ ಕಲಮಿನಂಗ ಸಮಿತಿ, ಮಂಡಳಿ ಯಾಕ ಮಾಡಿಲ್ಲ, ಸಂಸತ್ತಿನ್ಯಾಗ ಕೇಳ್ರಿ ಅಂತ. ನಾ ಇಲ್ಲಿನ ಎಂಪಿಗಿ ಮರಾಠಿಯಾಗ ಬರೀತೀನಿ. ಮ್ಯಾಲ ಲೈಸೆನ್ಸುದಾರ ಅಂತ ಹಾಕೂದು ಬ್ಯಾಡ. ಮಾಲಕ ಅಂತ ಹಾಕು.